'ನಾಯಿಗಳ ವಿಭಾಗ ಮುಚ್ಚಿದೆ'

ಊರ ಹೊರಗೆ ಒಂದು ಪ್ರಾಣಿ ಆಶ್ರಯಧಾಮವಿದೆ ಎಂದುಕೊಳ್ಳಿ. ಕಾಲು ಮುರಿದ ಕರು, ತಾಯಿ ಇಲ್ಲದ ಬೆಕ್ಕಿನ ಮರಿ, ಯಾರೋ ಬಿಟ್ಟುಹೋದ ನಾಯಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ಒಂದು ಸೋಮವಾರ ಬೆಳಿಗ್ಗೆ ಅದರ ಗೇಟಿಗೆ ಹೊಸ ಹಲಗೆಯೊಂದನ್ನು ತೂಗುಹಾಕಿದ್ದಾರೆ: 'ನಾಯಿಗಳ ವಿಭಾಗ ಮುಚ್ಚಿದೆ. ದಯವಿಟ್ಟು ನಾಯಿಗಳನ್ನು ತರಬೇಡಿ.'

ಸುದ್ದಿ ಊರಲ್ಲೆಲ್ಲ ಹರಡುತ್ತದೆ. ಚಹಾ ಅಂಗಡಿಯಲ್ಲಿ ಒಬ್ಬರು, "ಇನ್ನು ನಾಯಿಗಳೆಲ್ಲ ಬೀದಿಗೇ ಬರುತ್ತವೆ, ಮಕ್ಕಳನ್ನು ಶಾಲೆಗೆ ಕಳಿಸುವುದು ಹೇಗೆ?" ಎನ್ನುತ್ತಾರೆ. ಇನ್ನೊಬ್ಬರು, "ಪಾಪ, ಮೂಕಪ್ರಾಣಿಗಳು. ಅವಾದರೂ ಎಲ್ಲಿಗೆ ಹೋಗಬೇಕು?" ಎನ್ನುತ್ತಾರೆ. ಮೂರನೆಯವರು ಲೋಟ ಕೆಳಗಿಟ್ಟು, "ಹಿಡಿದು ಪಕ್ಕದ ಊರಿನಲ್ಲಿ ಬಿಟ್ಟು ಬಂದರಾಯಿತು" ಎನ್ನುತ್ತಾರೆ.

ಮೂವರಲ್ಲಿ ಯಾರ ಮಾತು ಸರಿ? ಅದನ್ನು ಹೇಳುವ ಮೊದಲು ಆ ಹಲಗೆ ಗೇಟಿಗೆ ಬಂದದ್ದೇಕೆ ಎಂದು ನೋಡೋಣ. ಈ ಆಶ್ರಯಧಾಮ ನಮ್ಮ ಕಲ್ಪನೆಯದು. ಆದರೆ ಇಂಥ ಹಲಗೆಗಳು ಜಗತ್ತಿನ ಅನೇಕ ಊರುಗಳಲ್ಲಿ ನಿಜವಾಗಿ ತೂಗಿವೆ. ಕಾರಣ ಹೆಚ್ಚಾಗಿ ಒಂದೇ.

ತೊಟ್ಟಿ ಮತ್ತು ನಲ್ಲಿ

ಗಣಿತದ ಪುಸ್ತಕದಲ್ಲಿ ತೊಟ್ಟಿಯ ಲೆಕ್ಕ ಮಾಡಿದ್ದೀರಲ್ಲವೆ? ಮೇಲಿನ ನಲ್ಲಿಯಿಂದ ನೀರು ಬೀಳುತ್ತದೆ, ಕೆಳಗಿನ ತೂಬಿನಿಂದ ಹೊರಗೆ ಹೋಗುತ್ತದೆ, ತೊಟ್ಟಿ ತುಂಬುವುದು ಯಾವಾಗ? ಆಶ್ರಯಧಾಮವೂ ಅಂಥದೊಂದು ತೊಟ್ಟಿ.

ಒಂದು ಆಶ್ರಯಧಾಮಕ್ಕೆ ದಿನಕ್ಕೆ 5 ನಾಯಿಗಳು ಬರುತ್ತವೆ ಎಂದಿಟ್ಟುಕೊಳ್ಳಿ. ಪ್ರತಿ ನಾಯಿಯೂ ಸರಾಸರಿ 20 ದಿನ ಅಲ್ಲಿರುತ್ತದೆ. ಅಷ್ಟರಲ್ಲಿ ಅದಕ್ಕೆ ಹೊಸ ಮನೆ ಸಿಗುತ್ತದೆ, ಇಲ್ಲವೆ ಗಾಯ ವಾಸಿಯಾಗಿ ಹಿಂದಿನ ಜಾಗಕ್ಕೆ ಹೋಗುತ್ತದೆ. ಹಾಗಾದರೆ ಯಾವುದೇ ದಿನ ಒಳಗಿರುವ ನಾಯಿಗಳು 5 × 20 = 100. ನೂರು ಗೂಡುಗಳಿದ್ದರೆ ಸಾಕು. ಈಗ ಹೊಸ ಮನೆ ಸಿಗುವುದು ತಡವಾಗಿ ನಾಯಿಗಳು 30 ದಿನ ಉಳಿಯತೊಡಗಿದವು. ಬರುವ ನಾಯಿಗಳು ಒಂದೂ ಹೆಚ್ಚಾಗಿಲ್ಲ. ಆದರೂ ಒಳಗಿರುವ ನಾಯಿಗಳು 150! ಗೂಡುಗಳು ಮಾತ್ರ ಅದೇ ನೂರು. ಯಾವ ನಾಯಿಯೂ ಹೊರಗೆ ಹೋಗದಿದ್ದರೆ? ವರ್ಷದ ಕೊನೆಗೆ 5 × 365 = 1,825.

ಗಮನಿಸಿದಿರಾ? ತೊಟ್ಟಿ ತುಂಬಿ ಹರಿಯಲು ಮೇಲಿನ ನಲ್ಲಿಯನ್ನು ಜೋರಾಗಿ ತಿರುಗಿಸಬೇಕಾಗಿಲ್ಲ, ಕೆಳಗಿನ ತೂಬು ಕಟ್ಟಿಕೊಂಡರೆ ಸಾಕು.

ಜಾಗದ ಜೊತೆಗೆ ಕೈಗಳ ಲೆಕ್ಕವೂ ಇದೆ. ಒಂದು ಪ್ರಾಣಿಗೆ ಊಟ ಹಾಕಿ ಅದರ ಗೂಡು ತೊಳೆಯಲು ದಿನಕ್ಕೆ ಕನಿಷ್ಠ 15 ನಿಮಿಷ ಬೇಕು ಎಂಬುದು ಅಮೆರಿಕದ ಆಶ್ರಯಧಾಮಗಳಲ್ಲಿ ಬಳಕೆಯಲ್ಲಿರುವ ಲೆಕ್ಕ. ನೂರು ನಾಯಿಗಳಿಗೆ 1,500 ನಿಮಿಷ, ಎಂದರೆ 25 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಮೂವರು ಸೇರಿದರೂ ಆ ಕೆಲಸ ಮುಗಿಯದು. ಇದರಲ್ಲಿ ಔಷಧಿ ಕೊಡುವುದು, ನಾಯಿಯನ್ನು ಓಡಾಡಿಸುವುದು ಸೇರಿಯೇ ಇಲ್ಲ.

ನಾಯಿಗಳ ವಿಭಾಗವೇ ಏಕೆ?

ಇಕ್ಕಟ್ಟಾದ ಜಾಗದಲ್ಲಿ ಮೊದಲು ನುಗ್ಗುವುದು ರೋಗ. 'ಡಿಸ್ಟೆಂಪರ್' ಎಂಬ ರೋಗದ ವೈರಸ್ ನಮ್ಮ ದಡಾರದ ವೈರಸ್ಸಿನ ಹತ್ತಿರದ ನೆಂಟ. ದಡಾರದ ಹಾಗೆಯೇ ಅದು ಕೆಮ್ಮು ಸೀನುಗಳ ಹನಿಗಳಲ್ಲಿ ಹಾರಿ ಪಕ್ಕದ ಗೂಡಿನ ನಾಯಿಯನ್ನು ಸೇರುತ್ತದೆ. ಸಾಕು ಬೆಕ್ಕುಗಳನ್ನು ಅದು ಕಾಡುವುದಿಲ್ಲ, ದನಗಳನ್ನೂ ಇಲ್ಲ. ಹೀಗಾಗಿ ಉಳಿದ ವಿಭಾಗಗಳು ತೆರೆದಿದ್ದು ನಾಯಿಗಳ ವಿಭಾಗ ಮಾತ್ರ ಮುಚ್ಚಬೇಕಾಗಬಹುದು.

ಇನ್ನೊಂದು 'ಪಾರ್ವೊ' ವೈರಸ್. ಈ ರೋಗ ಮೊದಲು ಗೊತ್ತಾದದ್ದು 1978ರ ಹೊತ್ತಿಗೆ. ಅಲ್ಲಿಂದ ಒಂದೆರಡು ವರ್ಷಗಳಲ್ಲಿ ಅದು ಜಗತ್ತನ್ನೇ ಸುತ್ತಿತು. ನಾಯಿಮರಿಗಳಿಗೆ ಇದು ತಗುಲಿದರೆ ವಾಂತಿ, ರಕ್ತಭೇದಿ. ಚಿಕಿತ್ಸೆ ಸಿಗದ ಮರಿಗಳು ಹೆಚ್ಚಾಗಿ ಉಳಿಯುವುದಿಲ್ಲ. ಸಾಮಾನ್ಯ ಸೋಪಿಗೆ ಈ ವೈರಸ್ ಜಗ್ಗುವುದಿಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಇಂಥ ಸೋಂಕು ಕಾಣಿಸಿಕೊಂಡಾಗ ಹೊಸ ಮರಿಗಳನ್ನು ಒಳಗೆ ಸೇರಿಸುವುದು ಎಂದರೆ ಅವನ್ನು ರೋಗದ ಬಾಯಿಗೆ ಕೊಟ್ಟಂತೆ. ಬಾಗಿಲು ಹಾಕಿ, ಬ್ಲೀಚಿಂಗ್ ದ್ರಾವಣದಿಂದ ತೊಳೆದು, ಹೊಸ ರೋಗಿಗಳು ಕಾಣದಾಗುವ ತನಕ ಕಾಯಬೇಕು. ಹೊರಗೆ ನಿಂತವರಿಗೆ 'ಎಂಥ ಕಲ್ಲುಮನಸ್ಸಿನವರು' ಎನ್ನಿಸಬಹುದು. ನಿಜವಾಗಿ ಆ ಹಲಗೆ ಕೆಲವು ಸಲ ಮರಿಗಳ ಜೀವ ಉಳಿಸುತ್ತದೆ.

ಗದ್ದಲವೂ ಒಂದು ಸಮಸ್ಯೆಯೇ. ಒಂದು ನಾಯಿ ಬೊಗಳಿದರೆ ಸಾಕು, ಸಾಲಿನಲ್ಲಿರುವುದೆಲ್ಲ ಬೊಗಳುತ್ತವೆ. ಇಂಥ ಗೂಡುಸಾಲುಗಳಲ್ಲಿ 100 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಮನುಷ್ಯರಿಗಿಂತ ಎಷ್ಟೋ ಸೂಕ್ಷ್ಮವಾದ ಕಿವಿಯುಳ್ಳ ಪ್ರಾಣಿ ಹಗಲಿರುಳು ಅದರ ನಡುವೆ ಇರಬೇಕು. ದಿನ ಕಳೆದಂತೆ ಅದು ಹೆದರುತ್ತದೆ, ಸಿಡುಕುತ್ತದೆ. ಸಿಡುಕುವ ನಾಯಿಯನ್ನು ಯಾರು ಮನೆಗೆ ಒಯ್ಯುತ್ತಾರೆ? ತೂಬು ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ದೆಹಲಿಯ ದೊಡ್ಡ ತೊಟ್ಟಿ

ಈ ಲೆಕ್ಕ ಇಡೀ ದೇಶದ ಮುಂದೆ ಬಂದದ್ದು 2025ರಲ್ಲಿ. ದೆಹಲಿಯಲ್ಲಿ ನಾಯಿ ಕಡಿತದಿಂದ ಆರು ವರ್ಷದ ಬಾಲಕಿಯೊಬ್ಬಳು ರೇಬೀಸ್ ರೋಗಕ್ಕೆ ಬಲಿಯಾದಳು. ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು, ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿ ಇಡಬೇಕು, ಮತ್ತೆ ಬೀದಿಗೆ ಬಿಡಬಾರದು ಎಂದು ಆದೇಶಿಸಿತು. ಮೊದಲ ಹಂತವಾಗಿ ಆರರಿಂದ ಎಂಟು ವಾರಗಳಲ್ಲಿ ಸುಮಾರು 5,000 ನಾಯಿಗಳಿಗೆ ಜಾಗ ಮಾಡಬೇಕಿತ್ತು.

ನಮ್ಮ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. 5,000 ನಾಯಿಗಳಿಗೆ ದಿನಕ್ಕೆ 15 ನಿಮಿಷದಂತೆ 75,000 ನಿಮಿಷ, ಅಂದರೆ 1,250 ಗಂಟೆ. ಎಂಟು ಗಂಟೆ ಕೆಲಸ ಮಾಡುವ 156ಕ್ಕೂ ಹೆಚ್ಚು ಜನ ಬೇಕು. ಭಾನುವಾರ, ಹಬ್ಬ ಯಾವುದಕ್ಕೂ ರಜೆಯಿಲ್ಲ. ದೆಹಲಿಯ ಬೀದಿನಾಯಿಗಳಾದರೋ ಲಕ್ಷಗಟ್ಟಲೆ. ಅದಕ್ಕಿಂತ ಮುಖ್ಯವಾಗಿ, ಈ ತೊಟ್ಟಿಗೆ ತೂಬೇ ಇರಲಿಲ್ಲ.

ದೆಹಲಿಯ ಜನ ಎರಡು ಪಾಲಾದರು. ಮಕ್ಕಳನ್ನು, ಅಜ್ಜ ಅಜ್ಜಿಯರನ್ನು ನಾಯಿ ಕಚ್ಚಿದ್ದ ಮನೆಗಳವರು ಆದೇಶವನ್ನು ಸ್ವಾಗತಿಸಿದರು. ದಿನವೂ ಬೀದಿನಾಯಿಗಳಿಗೆ ಅನ್ನ ಹಾಕುತ್ತಿದ್ದವರು ಫಲಕ ಹಿಡಿದು ಬೀದಿಗಿಳಿದರು. ನನ್ನನ್ನು ಕೇಳಿದರೆ ಇಬ್ಬರ ಮಾತಿನಲ್ಲೂ ನಿಜವಿತ್ತು. ಬೆಳಗಿನ ಜಾವ ಟ್ಯೂಷನ್ನಿಗೆ ಹೋಗುವ ಹುಡುಗಿಯ ಭಯ ಸುಳ್ಳಲ್ಲ. ಜಾಗವಿಲ್ಲದ ಕಡೆ ಸಾವಿರಾರು ಪ್ರಾಣಿಗಳನ್ನು ತುಂಬಿದರೆ ಏನಾಗುತ್ತದೆ ಎಂಬ ಆತಂಕವೂ ಸುಳ್ಳಲ್ಲ.

ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆದೇಶವನ್ನು ಬದಲಿಸಿತು. ಹಿಡಿದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಜಂತುಹುಳದ ಔಷಧಿ ಕೊಟ್ಟು, ರೇಬೀಸ್ ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಬೇಕು. ರೇಬೀಸ್ ಇರುವ ಅಥವಾ ಇದೆಯೆಂದು ಸಂಶಯವಿರುವ ನಾಯಿಗಳನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಡಬಾರದು. ಅನ್ನ ಹಾಕುವವರು ಕಂಡಕಂಡಲ್ಲಿ ಹಾಕದೆ ಗೊತ್ತುಮಾಡಿದ ಜಾಗದಲ್ಲಿ ಹಾಕಬೇಕು ಎಂದಿತು. ಅದೇ ವರ್ಷ ನವೆಂಬರ್ 7ರ ಇನ್ನೊಂದು ಆದೇಶ ದೇಶದ ಎಲ್ಲ ಶಾಲೆಗಳಿಗೆ ಸಂಬಂಧಿಸಿದ್ದು, ನಿಮ್ಮ ಶಾಲೆಯೂ ಸೇರಿ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಆಟದ ಮೈದಾನಗಳ ಆವರಣದಿಂದ ನಾಯಿಗಳನ್ನು ಸಾಗಿಸಬೇಕು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರವೂ ಅಲ್ಲಿಗೆ ಮರಳಿ ಬಿಡದೆ ಆಶ್ರಯಧಾಮದಲ್ಲಿ ಇಡಬೇಕು ಎಂದು ಅದರಲ್ಲಿತ್ತು. ಅಂದರೆ ತೊಟ್ಟಿಯ ಲೆಕ್ಕ ಮತ್ತೆ ಊರೂರಿಗೂ ಬಂತು.

ನಲ್ಲಿಯನ್ನೇ ತಿರುಗಿಸಿದವರು

ಮೇಲಿನ ನಲ್ಲಿ ಯಾವುದು? ಮರಿಗಳು. ಹೆಣ್ಣುನಾಯಿ ಗಬ್ಬವಾದ 63 ದಿನಗಳಿಗೆ ಮರಿ ಹಾಕುತ್ತದೆ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿಗಳು ಸಾಮಾನ್ಯ. ವರ್ಷಕ್ಕೆ ಎರಡು ಸಲ ಮರಿ ಹಾಕುವುದೂ ಉಂಟು.

ನಮ್ಮ ನೆರೆಯ ಮದ್ರಾಸಿನಲ್ಲಿ, ಅಂದರೆ ಈಗಿನ ಚೆನ್ನೈನಲ್ಲಿ, ನಗರಪಾಲಿಕೆಯವರು ಬಹಳ ಕಾಲ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದರು. ಕೊಂದಷ್ಟೂ ಹೊಸ ಮರಿಗಳು ಹುಟ್ಟುತ್ತಿದ್ದವು. 'ಕೊಲ್ಲುವುದರ ಬದಲು ಹುಟ್ಟುವುದನ್ನು ತಡೆಯೋಣ' ಎಂದು ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲೇ ಸೂಚಿಸಿತು. ನಗರಪಾಲಿಕೆ ಒಪ್ಪಿದ್ದು 1996ರಲ್ಲಿ. ಮೂವತ್ತೆರಡು ವರ್ಷ ಬೇಕಾಯಿತು! 2001ರಲ್ಲಿ ಇದು ಇಡೀ ದೇಶದ ನಿಯಮವಾಯಿತು. ಆ ನಿಯಮಗಳ ಜಾಗದಲ್ಲಿ 2023ರಲ್ಲಿ ಹೊಸ 'ಪ್ರಾಣಿ ಜನನ ನಿಯಂತ್ರಣ ನಿಯಮಗಳು' ಬಂದವು.

ಕೆಲವು ಬೀದಿನಾಯಿಗಳ ಒಂದು ಕಿವಿಯ ತುದಿಯಲ್ಲಿ ಸಣ್ಣ ತ್ರಿಕೋನದಂತೆ ಕತ್ತರಿಸಿದ ಗುರುತು ಇರುವುದನ್ನು ನೀವು ನೋಡಿರಬಹುದು. ಜಗಳದಲ್ಲಿ ಹರಿದದ್ದಲ್ಲ ಅದು. ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಕೊಟ್ಟಿರುವಾಗಲೇ ವೈದ್ಯರು ಮಾಡುವ ಗುರುತು. 'ಇದಕ್ಕೆ ಇನ್ನು ಮರಿ ಆಗುವುದಿಲ್ಲ, ಒಮ್ಮೆ ಲಸಿಕೆಯೂ ಆಗಿದೆ' ಎಂದು ದೂರದಿಂದಲೇ ತಿಳಿಯಲಿ ಎಂದು.

ಫಲ ಸಿಗಲು ತಾಳ್ಮೆ ಬೇಕು. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು ಎಂದು ಅಂದಾಜು ಮಾಡಿದ್ದರು. 2023ರ ಸಮೀಕ್ಷೆಯಲ್ಲಿ ಅದು ಸುಮಾರು 2.79 ಲಕ್ಷವಾಗಿತ್ತು. ನಾಲ್ಕು ವರ್ಷಗಳಲ್ಲಿ ಇಳಿದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ಇದು ನಿಧಾನವಾಯಿತೆಂದು ದೂರುವವರಿದ್ದಾರೆ, ಆ ದೂರಿಗೆ ಅರ್ಥವೂ ಇದೆ. ಆದರೆ ಸಂಖ್ಯೆ ಏರುವ ಬದಲು ಇಳಿಯಿತು ಎಂಬುದನ್ನೂ ನೋಡಬೇಕು.

ಹತ್ತರಲ್ಲಿ ಏಳು

ಈಗ ಚಹಾ ಅಂಗಡಿಯ ಮೂರನೆಯವರ ಬಳಿಗೆ ಬರೋಣ. ನಾಯಿಗಳನ್ನು ಪಕ್ಕದ ಊರಿನಲ್ಲಿ ಬಿಟ್ಟರೆ ಏನಾಗುತ್ತದೆ? ಅಲ್ಲಿನ ನಾಯಿಗಳು ತಮ್ಮ ಎಲ್ಲೆಯೊಳಗೆ ಹೊಸಬರನ್ನು ಸಹಿಸುವುದಿಲ್ಲ. ಕಚ್ಚಾಟವಾಗುತ್ತದೆ. ಸಾಗಿಸಿದ ನಾಯಿಗಳಲ್ಲಿ ಒಂದಕ್ಕೆ ರೇಬೀಸ್ ತಗುಲಿದ್ದರೆ ರೋಗವೂ ಆ ಊರಿಗೆ ಹೋದಂತಾಯಿತು. ಇತ್ತ ನಮ್ಮೂರಿನ ತಿಪ್ಪೆ, ಕೋಳಿ ಅಂಗಡಿಯ ಹಿಂದಿನ ರಾಶಿ ಹಾಗೇ ಇವೆಯಲ್ಲ? ಅನ್ನ ಇರುವ ಕಡೆಗೆ ಬೇರೆ ನಾಯಿಗಳು ಬಂದು ಸೇರಿಕೊಳ್ಳುತ್ತವೆ. ಅವಕ್ಕೆ ಲಸಿಕೆ ಆಗಿರುವುದಿಲ್ಲ.

ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ತೀರಾ ಅಪರೂಪ. ಭಾರತದಲ್ಲಿ ವರ್ಷಕ್ಕೆ ಸುಮಾರು 5,700 ಜನ ಇದರಿಂದ ಸಾಯುತ್ತಾರೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಜಗತ್ತಿನಲ್ಲಿ ಇದಕ್ಕೆ ಬಲಿಯಾಗುವ ಹತ್ತು ಜನರಲ್ಲಿ ನಾಲ್ವರು ಹದಿನೈದು ವರ್ಷದೊಳಗಿನ ಮಕ್ಕಳು, ನಿಮ್ಮ ವಯಸ್ಸಿನವರು.

ಆದರೆ ಈ ರೋಗಕ್ಕೆ ಒಂದು ದೌರ್ಬಲ್ಯವಿದೆ. ರೇಬೀಸ್ ಬಂದ ನಾಯಿ ಬೇಗ ಸಾಯುತ್ತದೆ. ಸಾಯುವ ಮೊದಲು ಅದು ರೋಗ ಹಬ್ಬಿಸುವುದು ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗೆ. ದಡಾರದಂತೆ ಅದು ಹತ್ತಾರು ಜನರಿಗೆ ಒಮ್ಮೆಲೇ ಹಾರಲಾರದು. ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆ ಹಾಕಿದರೆ, ಕಚ್ಚಿಸಿಕೊಂಡ ಬಹುಪಾಲು ನಾಯಿಗಳಿಗೆ ರೋಗ ತಗುಲುವುದೇ ಇಲ್ಲ. ಸರಪಳಿ ತುಂಡಾಗುತ್ತದೆ. 'ಅರ್ಧಕ್ಕೆ ಹಾಕಿದರೆ ಸಾಲದೆ?' ಎಂದು ನೀವು ಕೇಳಬಹುದು. ಆ ಒಂದು ದಿನಕ್ಕೆ ಸಾಕು. ಆದರೆ ವರ್ಷದೊಳಗೆ ಲಸಿಕೆ ಆದ ಕೆಲವು ನಾಯಿಗಳು ಸಾಯುತ್ತವೆ, ಲಸಿಕೆ ಇಲ್ಲದ ಮರಿಗಳು ಹುಟ್ಟುತ್ತವೆ. ಮುಂದಿನ ವರ್ಷದ ಲಸಿಕೆಯ ತನಕ ರಕ್ಷಣೆ ಉಳಿಯಬೇಕಾದರೆ ಏಳರಿಂದಲೇ ಪ್ರಾರಂಭಿಸಬೇಕು.

ನಮ್ಮ ಪಕ್ಕದ ಗೋವಾದಲ್ಲಿ ಇದನ್ನೇ ಮಾಡಿದರು. 2014ರಿಂದ ರಾಜ್ಯ ಸರ್ಕಾರ ಮತ್ತು 'ಮಿಷನ್ ರೇಬೀಸ್' ಸಂಸ್ಥೆಯ ತಂಡಗಳು ಬಲೆ ಹಿಡಿದು ಬೀದಿ ಬೀದಿ ಸುತ್ತಿದವು. ನಾಯಿಯನ್ನು ಬಲೆಯಲ್ಲಿ ಹಿಡಿದು, ಲಸಿಕೆ ಚುಚ್ಚಿ, ಬಣ್ಣದ ಗುರುತು ಹಚ್ಚಿ ಅಲ್ಲೇ ಬಿಡುತ್ತಿದ್ದರು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. ವಿಚಿತ್ರವಾಗಿ ಆಡುವ ನಾಯಿ ಕಂಡರೆ ತಿಳಿಸಲು ಜನರಿಗೆ ಫೋನ್ ಸಂಖ್ಯೆ ಕೊಟ್ಟರು. 2018ರಿಂದ ಮೂರು ವರ್ಷ ಗೋವಾದಲ್ಲಿ ಒಬ್ಬ ಮನುಷ್ಯನೂ ರೇಬೀಸ್‌ನಿಂದ ಸಾಯಲಿಲ್ಲ. ನಾಯಿಗಳಿಗೆ ಆಶ್ರಯಧಾಮದ ತೊಟ್ಟಿ ಕಟ್ಟಿ ಸಾಧಿಸಿದ್ದಲ್ಲ ಇದು, ಅವು ಇದ್ದ ಬೀದಿಯಲ್ಲೇ ಸಾಧಿಸಿದ್ದು.

ಮತ್ತೆ ಆ ಹಲಗೆಯ ಮುಂದೆ

ಹಾಗಾದರೆ ಆಶ್ರಯಧಾಮ ಬೇಡವೆ? ಬೇಕು. ಗಾಯಗೊಂಡ, ರೋಗ ಬಂದ, ಮನೆಯಿಂದ ಹೊರದಬ್ಬಿಸಿಕೊಂಡ ನಾಯಿಗಳಿಗೆ ಬೇರೆ ಗತಿಯಿಲ್ಲ. ನಾಯಿಗಳ ವಿಭಾಗ ಮುಚ್ಚಿದಾಗ ಊರಿನವರು ಮಾಡಬಹುದಾದ ಅತಿ ಕೆಟ್ಟ ಕೆಲಸ ಎಂದರೆ ರಾತ್ರಿ ಬಂದು ಗೇಟಿಗೆ ನಾಯಿ ಕಟ್ಟಿಹೋಗುವುದು. ಹೀಗೆ ಮಾಡುವವರು ಇದ್ದಾರೆ.

ಒಳ್ಳೆಯ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಅಮೆರಿಕದ ನ್ಯೂಯಾರ್ಕ್, ಲಾಸ್ ಏಂಜಲೀಸ್ ಮೊದಲಾದ ನಗರಗಳಲ್ಲಿ ಆಶ್ರಯಧಾಮಗಳು ಜನರಿಗೆ ಬಾಗಿಲು ಮುಚ್ಚಬೇಕಾಯಿತು. ನಾಯಿಗಳ ಗತಿ ಏನು ಎಂಬ ಚಿಂತೆ ಹುಟ್ಟಿತು. ಆಗ ಮನೆಯಲ್ಲೇ ಇದ್ದ ಜನ 'ಸದ್ಯಕ್ಕೆ ನಮ್ಮಲ್ಲಿರಲಿ' ಎಂದು ದೊಡ್ಡ ಸಂಖ್ಯೆಯಲ್ಲಿ ಮುಂದೆ ಬಂದರು. ಕೆಲವು ವಾರಗಳ ಮಟ್ಟಿಗೆ ನಾಯಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಏರ್ಪಾಡು ಅದು. ತೊಟ್ಟಿ ತುಂಬಿದಾಗ ನೆರೆಹೊರೆಯವರೆಲ್ಲ ತಮ್ಮ ತಮ್ಮ ಕೊಡ ತಂದು ಹಿಡಿದ ಹಾಗೆ. ಇಂಥ ಮನೆಯಲ್ಲಿದ್ದ ನಾಯಿ ಗದ್ದಲದಿಂದ ದೂರವಾಗಿ ಶಾಂತವಾಗುತ್ತದೆ, ಮನೆಯ ರೀತಿ ಕಲಿಯುತ್ತದೆ. ಅದಕ್ಕೆ ಕಾಯಂ ಮನೆ ಸಿಗುವುದೂ ಸುಲಭ.

ನಮ್ಮ ಹಳ್ಳಿಗಳಲ್ಲಿ ಇದು ಹೊಸದೇನಲ್ಲ. 'ಓಣಿಯ ನಾಯಿ' ಎಂದು ಒಂದು ನಾಯಿಗೆ ನಾಲ್ಕು ಮನೆಯವರು ಅನ್ನ ಹಾಕುವುದಿಲ್ಲವೆ? ಆ ನಾಲ್ಕು ಮನೆಯವರು ಇನ್ನೊಂದು ಹೆಜ್ಜೆ ಇಟ್ಟು, ವರ್ಷಕ್ಕೊಮ್ಮೆ ಪಶು ಆಸ್ಪತ್ರೆಯವರು ಲಸಿಕೆ ಹಾಕಲು ಬಂದಾಗ ಅದನ್ನು ಹಿಡಿದುಕೊಟ್ಟರೆ ಬಲೆಯೂ ಬೇಕಾಗದು, ಪರಿಚಯದ ಕೈಗೆ ನಾಯಿ ಬೆದರುವುದಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಅನೇಕ ಕಡೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ.

ನಾಯಿ ಕಚ್ಚಿದರೆ ಅಥವಾ ಅದರ ಉಗುರು ಪರಚಿದರೆ ಮನೆಯಲ್ಲಿ ಬೈದಾರು ಎಂದು ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಒಂದು ನಿಮಿಷವಲ್ಲ, ಹದಿನೈದು. ಖಾರದಪುಡಿ, ಸುಣ್ಣ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುವ ಕಾಲ ಹೋಗಿ ಇಪ್ಪತ್ತು ವರ್ಷವಾಯಿತು. ಈಗಿನ ಲಸಿಕೆಯನ್ನು ತೋಳಿಗೇ ಹಾಕುತ್ತಾರೆ. ವೈದ್ಯರು ಹೇಳಿದ ಎಲ್ಲ ದಿನಗಳಂದೂ ತಪ್ಪದೆ ಹೋಗಬೇಕು.

ನೀವೇ ಎಣಿಸಿ ನೋಡಿ

ಹತ್ತರಲ್ಲಿ ಏಳು ಎಂದೆವು. ಒಟ್ಟು ಎಷ್ಟು ನಾಯಿಗಳಿವೆ ಎಂದೇ ಗೊತ್ತಿಲ್ಲದಿದ್ದರೆ ಏಳು ಪಾಲು ಎಷ್ಟೆಂದು ತಿಳಿಯುವುದು ಹೇಗೆ? ನಾಯಿಗಳು ಸಾಲಾಗಿ ನಿಂತು ಹಾಜರಿ ಹೇಳುವುದಿಲ್ಲವಲ್ಲ!

ಇದಕ್ಕೆ ವಿಜ್ಞಾನಿಗಳದೊಂದು ಉಪಾಯವಿದೆ. ಶಿಕ್ಷಕರು ಅಥವಾ ಮನೆಯ ಹಿರಿಯರೊಂದಿಗೆ ಒಂದು ದಿನ ಬೆಳಿಗ್ಗೆ ಊರು ಸುತ್ತಿ. ನಾಯಿಗಳ ಹತ್ತಿರ ಹೋಗದೆ, ಕಲ್ಲೆತ್ತದೆ, ದೂರದಿಂದಲೇ ನೋಡಿ ಪ್ರತಿಯೊಂದರ ಬಣ್ಣ, ಮಚ್ಚೆ, ಬಾಲ, ಕಿವಿಗುರುತು ಬರೆದುಕೊಳ್ಳಿ. 24 ನಾಯಿಗಳು ಕಂಡವು ಎನ್ನೋಣ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗಿ. ಈ ಸಲ 20 ಕಂಡವು, ಅವುಗಳಲ್ಲಿ 15 ನಿನ್ನೆಯ ಪಟ್ಟಿಯಲ್ಲಿದ್ದವು. ಅಂದರೆ ಇಂದು ಕಂಡ ನಾಯಿಗಳಲ್ಲಿ ಮುಕ್ಕಾಲು ಪಾಲು ನಿಮಗೆ ಗೊತ್ತಿದ್ದವು. ಹಾಗಾದರೆ ನಿನ್ನೆಯ 24 ಊರಿನ ಒಟ್ಟು ನಾಯಿಗಳಲ್ಲಿ ಮುಕ್ಕಾಲು ಪಾಲು ಇರಬೇಕು. ಒಟ್ಟು ಸುಮಾರು 32! ಗೋವಾದ ತಂಡಗಳು ಬಣ್ಣ ಹಚ್ಚುತ್ತಿದ್ದದ್ದೂ ಇಂಥ ಲೆಕ್ಕಕ್ಕಾಗಿಯೇ. ಬಣ್ಣವಿದ್ದವು ಎಷ್ಟು, ಇಲ್ಲದವು ಎಷ್ಟು ಎಂದು ಆಮೇಲೆ ಎಣಿಸಿ, ಲಸಿಕೆ ಎಷ್ಟು ಪಾಲಿಗೆ ಮುಟ್ಟಿದೆ ಎಂದು ತಿಳಿಯುತ್ತಿದ್ದರು.

ನಿಮ್ಮ ಊರಿನ ಒಟ್ಟು ಎಷ್ಟು ಬಂತು? ಅವುಗಳಲ್ಲಿ ಕಿವಿಗುರುತು ಇರುವುವು ಎಷ್ಟು? ಹತ್ತರಲ್ಲಿ ಏಳಾಗಲು ಇನ್ನೆಷ್ಟು ಬೇಕು? ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಶಿಕ್ಷಕರ ಮೂಲಕ ಗ್ರಾಮ ಪಂಚಾಯಿತಿಗೂ ಪಶು ಆಸ್ಪತ್ರೆಗೂ ಕೊಡಿ. ಮುಂದಿನ ಶಿಬಿರಕ್ಕೆ ಬರುವವರು ಎಷ್ಟು ಡೋಸ್ ಲಸಿಕೆ ತರಬೇಕು ಎಂಬುದು ಅವರಿಗೆ ಅದರಿಂದ ಗೊತ್ತಾಗುತ್ತದೆ.